ಸೂಕ್ಷ್ಮಫಲವೂ ದೋಷಸೀಮೆಯೂ

ನಮ್ಮ ಪ್ರಾಚೀನ ಗಣಿತಗ್ರಂಥಗಳನ್ನು ಓದುವವರಿಗೂ ಓದಿಸುವವರಿಗೂ ಮೇಲಿಂದ ಮೇಲೆ ಎದುರಾಗತಕ್ಕ ಎರಡು ಪಾರಿಭಾಷಿಕ ಶಬ್ದಗಳುಂಟು: ಒಂದು ‘ವ್ಯಾವಹಾರಿಕ’, ಇನ್ನೊಂದು ‘ಸೂಕ್ಷ್ಮ’. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಪ್ರಕರಣದಲ್ಲಿ ಒಂದೇ ಆಕೃತಿಗೆ ಮೊದಲು ವ್ಯಾವಹಾರಿಕ ಫಲವನ್ನೂ ಅನಂತರ ಸೂಕ್ಷ್ಮಫಲವನ್ನೂ ಹೇಳಿರುವುದನ್ನು ಕಾಣುತ್ತೇವೆ. ಪಾಠ ಹೇಳುವಾಗ ಮೊದಲನೆಯದನ್ನು ‘ಅಂದಾಜು’ ಎಂದೂ ಎರಡನೆಯದನ್ನು ‘ನಿಖರ’ ಎಂದೂ ಅರ್ಥೈಸುವುದು ವಾಡಿಕೆಯಾಗಿಬಿಟ್ಟಿದೆ. ಈ ಅರ್ಥವು ಸಾಧುವೆ? ಸೂಕ್ಷ್ಮವೆಂದು ಕರೆದ ಮಾತ್ರಕ್ಕೆ ಫಲವು ಸತ್ಯಕ್ಕೆ ಎಷ್ಟು ಸಮೀಪವಾಗಿದೆಯೆಂಬುದು ಗೊತ್ತಾಗುತ್ತದೆಯೆ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಈ ವಿಚಾರದಲ್ಲಿ ನಮಗೆ ಸಹಾಯಕವಾಗತಕ್ಕದ್ದು ಆಧುನಿಕ ಕಲನಶಾಸ್ತ್ರದಲ್ಲಿ ‘ದೋಷಸೀಮೆ’ ಎಂದು ಹೇಳಬಹುದಾದ ಒಂದು ಕಲ್ಪನೆ. ಸಾಹಿತ್ಯದ ಅಧ್ಯಾಪಕರಿಗೂ ಅದು ದುರ್ಗಮವಾದುದಲ್ಲ.

ಮೂಡಬಿದಿರೆಯಿಂದ ಆರಂಭಿಸುವುದು ಯುಕ್ತವೆಂದು ತೋರುತ್ತದೆ. 1912ರಲ್ಲಿ ಎಂ. ರಂಗಾಚಾರ್ಯರವರು ಮದರಾಸಿನಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಅವರಿಗೆ ಆಧಾರವಾದ ಹಸ್ತಪ್ರತಿಗಳಲ್ಲಿ ಒಂದು, ಮೂಡಬಿದಿರೆಯ ಜೈನಮಠದ ತಾಳೆಯೋಲೆಯ ಗ್ರಂಥದಿಂದ ನಕಲುಮಾಡಲ್ಪಟ್ಟುದು. ಗ್ರಂಥವೆಲ್ಲವೂ ಆ ಪ್ರತಿಯಲ್ಲಿದ್ದುದಲ್ಲದೆ, ಲೆಕ್ಕಗಳ ಸಂಕ್ಷೇಪವೂ ಉತ್ತರಗಳೂ ಕನ್ನಡದಲ್ಲಿ ಕೊಡಲ್ಪಟ್ಟಿದ್ದುವು. ಇದಕ್ಕಿಂತಲೂ ಹಿಂದಿನದಾದ ಧವಲಾ ಟೀಕೆಯೂ ಮೂಡಬಿದಿರೆಯ ನಿಧಿಯೇ. ವೀರಸೇನಾಚಾರ್ಯನು ಷಟ್ಖಂಡಾಗಮಕ್ಕೆ ಬರೆದ ಈ ಬೃಹತ್ ವ್ಯಾಖ್ಯಾನವು ಕ್ರಿ. ಶ. 816ರಲ್ಲಿ ಮುಗಿಯಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಹಳಗನ್ನಡ ಲಿಪಿಯಲ್ಲಿರುವ ಇದರ ಓಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದು, 1939ರಿಂದ ಹೀರಾಲಾಲ್ ಜೈನ್‌ರವರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮುದ್ರಿತವಾಗಿ ಹೊರಬಂದುವು. ಪ್ರಕೃತ ವಿಚಾರಕ್ಕೆ ಈ ಎರಡು ಗ್ರಂಥಗಳೇ ಸಾಕು.

ಆಯತವೃತ್ತದ ದೃಷ್ಟಾಂತ

ಮೊದಲು ಮಹಾವೀರನ ಒಂದು ಸೂತ್ರವನ್ನು ತೆಗೆದುಕೊಳ್ಳೋಣ. ಅವನು ‘ಆಯತವೃತ್ತ’ವೆಂದು ಹೇಳುವ ಆಕೃತಿಯನ್ನು ದೀರ್ಘವೃತ್ತವೆಂದು ತಿಳಿಯುವುದು ರೂಢಿ. ಅದರ ಉದ್ದ 36, ಅಗಲ 12 ಎಂದಿರಲಿ. ಉದ್ದಕ್ಕೆ ಅಗಲದ ಅರ್ಧವನ್ನು ಕೂಡಿಸಿ ಇಮ್ಮಡಿಸಿದರೆ ವ್ಯಾವಹಾರಿಕ ಪರಿಧಿಯು 84 ಆಗುತ್ತದೆ. ಇದನ್ನು ಅಗಲದ ಕಾಲುಭಾಗವಾದ 3ರಿಂದ ಗುಣಿಸಿದರೆ ವ್ಯಾವಹಾರಿಕ ಕ್ಷೇತ್ರಫಲವು 252. ಸೂಕ್ಷ್ಮವಿಧಿಯೇ ಬೇರೆ: ಅಗಲದ ವರ್ಗವನ್ನು ಆರರಿಂದ ಗುಣಿಸಿ, ಅದಕ್ಕೆ ಇಮ್ಮಡಿಸಿದ ಉದ್ದದ ವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆಯಬೇಕು. ಆಗ ಪರಿಧಿಯು 77.77, ಅಗಲದ ಕಾಲುಭಾಗದಿಂದ ಗುಣಿಸಲು ಕ್ಷೇತ್ರಫಲವು 233.3.

ಇಂದಿನ ಗಣಿತದಿಂದ ತಿಳಿದ ನಿಜವಾದ ಪರಿಧಿಯು 80.19, ಕ್ಷೇತ್ರಫಲವು 339.29. ಪರಿಧಿಯಲ್ಲಿ ವ್ಯಾವಹಾರಿಕದ ದೋಷ 3.81, ಸೂಕ್ಷ್ಮದ ದೋಷ 2.42, ಇಲ್ಲಿ ಸೂಕ್ಷ್ಮವು ತನ್ನ ಹೆಸರನ್ನು ಉಳಿಸಿಕೊಂಡಿದೆ. ಆದರೆ ಕ್ಷೇತ್ರಫಲದಲ್ಲಿ ವ್ಯಾವಹಾರಿಕವು ಸತ್ಯಕ್ಕಿಂತ 87ರಷ್ಟು ಕಡಿಮೆಯಾಗಿದ್ದರೆ, ಸೂಕ್ಷ್ಮವು 106ರಷ್ಟು ಕಡಿಮೆಯಾಗಿದೆ! ಕಾರಣವು ಸ್ಪಷ್ಟ. ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸುವ ಕ್ರಮವು ವೃತ್ತಕ್ಕೆ ಸಲ್ಲುತ್ತದೆಯೇ ಹೊರತು ನೀಳವಾದ ಆಕೃತಿಗೆ ಸಲ್ಲದು. ಮೊದಲನೆಯ ಹೆಜ್ಜೆಯನ್ನು ಎಷ್ಟು ತಿದ್ದಿದರೂ ಎರಡನೆಯ ಹೆಜ್ಜೆಯ ದೋಷವು ಹೋಗುವುದಿಲ್ಲ. ವ್ಯಾವಹಾರಿಕದಲ್ಲಿ ಪರಿಧಿಯು ಹೆಚ್ಚಾಗಿದ್ದುದರಿಂದ ಆ ಕೊರತೆಯು ಕಿಂಚಿತ್ ಮುಚ್ಚಿಹೋಗಿತ್ತು, ಅಷ್ಟೆ.

ಈ ದೃಷ್ಟಾಂತದಿಂದ ಮಹಾವೀರನ ಹಿರಿಮೆಗೆ ಕುಂದು ಬರುವುದಿಲ್ಲ. ಆದರೆ ‘ಸೂಕ್ಷ್ಮ’ ಎಂಬುದು ವಿಧಾನಕ್ಕೆ ಕೊಟ್ಟ ವಿಶೇಷಣವೇ ಹೊರತು ಫಲಕ್ಕೆ ಕೊಟ್ಟ ಭರವಸೆಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಭರವಸೆಯು ಬೇಕಾದರೆ ಬೇರೊಂದು ಮಾತನ್ನು ಹೇಳಬೇಕು: ‘ಈ ಫಲವು ಸತ್ಯದಿಂದ ಇಷ್ಟಕ್ಕಿಂತ ಹೆಚ್ಚು ದೂರವಿರಲಾರದು’ ಎಂದು. ಹೀಗೆ ಹೇಳತಕ್ಕ ಮೊತ್ತವೇ ದೋಷಸೀಮೆ. ಅದರ ಸ್ವರೂಪವನ್ನು ತಿಳಿಯಲು ಓಲೆಗಳನ್ನು ಸ್ವಲ್ಪ ಹೊತ್ತು ಬಿಟ್ಟು ಹೊಳೆಗೆ ಇಳಿಯೋಣ.

ನೇತ್ರಾವತಿಯ ಅಡ್ಡಛೇದ

ನೇತ್ರಾವತಿಯು ಘಟ್ಟದ ಬುಡದ ಬೆಳ್ತಂಗಡಿ ಸೀಮೆಯನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟವಾಳದ ಬಳಿ ವಿಸ್ತಾರವಾಗಿ ಹರಿಯುತ್ತದೆ. 1974ರ ನೆರೆಯನ್ನು ಅಲ್ಲಿಯವರು ಇಂದಿಗೂ ಮರೆತಿಲ್ಲ. ಕೇಂದ್ರ ಜಲ ಆಯೋಗದ ಮಾಪನಕೇಂದ್ರವೊಂದು ಬಂಟವಾಳದಲ್ಲಿದೆ. ನದಿಯಲ್ಲಿ ಹರಿಯುವ ನೀರಿನ ಮೊತ್ತವನ್ನು ತಿಳಿಯಬೇಕಾದರೆ ಹರಿವಿನ ವೇಗದೊಡನೆ ನದಿಯ ಅಡ್ಡಛೇದದ ಕ್ಷೇತ್ರಫಲವೂ ಬೇಕು. ಆದರೆ ನದಿಯ ತಳವು ಯಾವ ಸೂತ್ರಕ್ಕೂ ಒಳಪಟ್ಟ ರೇಖೆಯಲ್ಲ. ಆದುದರಿಂದ ದಡದಿಂದ ದಡಕ್ಕೆ ಅಲ್ಲಲ್ಲಿ ಆಳವನ್ನು ಅಳೆದು, ಆ ಅಳತೆಗಳಿಂದ ಕ್ಷೇತ್ರಫಲವನ್ನು ಸಾಧಿಸಬೇಕಾಗುತ್ತದೆ. ಕಲನಶಾಸ್ತ್ರದಲ್ಲಿ ಇದಕ್ಕೆ ಸಂಖ್ಯಾತ್ಮಕ ಅನುಕಲನವೆಂದು ಹೆಸರು. ಅಕ್ಕಪಕ್ಕದ ಎರಡು ಆಳಗಳ ತುದಿಗಳನ್ನು ಸರಳರೇಖೆಯಿಂದ ಜೋಡಿಸಿ, ದೊರೆತ ಸಮಲಂಬ ಚತುರ್ಭುಜಗಳ ಫಲಗಳನ್ನು ಕೂಡಿಸುವುದು ಅದರಲ್ಲಿ ಅತ್ಯಂತ ಸುಲಭವಾದ ಮಾರ್ಗ.

ಉದಾಹರಣೆಗಾಗಿ, ನದಿಯ ಅಗಲವು 120 ಮೀಟರು, ನಡುವಿನ ಆಳವು 6 ಮೀಟರು, ತಳವು ಪರವಲಯಾಕಾರದ ಬಾಣಲೆಯಂತೆ ಇದೆಯೆಂದು ಭಾವಿಸೋಣ. ಇದು ಕೇವಲ ಕಲ್ಪಿತ ಅಳತೆ. ಇಂತಹ ತಳಕ್ಕೆ ಕ್ಷೇತ್ರಫಲವು ಅಗಲ ಮತ್ತು ಆಳಗಳ ಗುಣಲಬ್ಧದ ಮೂರರಲ್ಲಿ ಎರಡು ಪಾಲು, ಎಂದರೆ 480 ಚದರ ಮೀಟರು ಎಂಬುದು ಸಿದ್ಧವಾದ ಸಂಗತಿ. ನಡುವಿನ ಆಳವೊಂದನ್ನೇ ಅಳೆದು ಲೆಕ್ಕಹಾಕಿದರೆ 360 ಬರುತ್ತದೆ. ಅಗಲವನ್ನು ನಾಲ್ಕು ಭಾಗಮಾಡಿ 4.5, 6, 4.5 ಎಂಬ ಮೂರು ಆಳಗಳನ್ನು ತೆಗೆದುಕೊಂಡರೆ 450. ಎಂಟು ಭಾಗಮಾಡಿದರೆ 472.5. ದೋಷವು ಕ್ರಮವಾಗಿ 120, 30, 7.5. ಭಾಗಗಳು ಇಮ್ಮಡಿಯಾದಂತೆಲ್ಲ ದೋಷವು ಕಾಲಂಶಕ್ಕೆ ಇಳಿಯುತ್ತದೆಂಬುದನ್ನು ವಾಚಕರು ಗಮನಿಸಬೇಕು. ನೀರಿನ ವೇಗವು ಸೆಕೆಂಡಿಗೆ 2 ಮೀಟರಾದರೆ, 30 ಚದರ ಮೀಟರಿನ ದೋಷದಿಂದ ಸೆಕೆಂಡಿಗೆ 60 ಘನಮೀಟರು ನೀರು ಲೆಕ್ಕಕ್ಕೆ ಸಿಕ್ಕದೆ ಹೋಗುತ್ತದೆ. ನೆರೆಯ ಕಾಲದಲ್ಲಿ ಇದು ಅಲ್ಪವಾದ ಮಾತಲ್ಲ.

ಇಲ್ಲಿ ನಿಜವಾದ ಉತ್ತರವು ಮೊದಲೇ ನಮಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಏನು ಗತಿ? ದೋಷಸೀಮೆಯ ನಿಯಮವು ಈ ಸಂದರ್ಭಕ್ಕಾಗಿಯೇ ಇರುವುದು. ಒಟ್ಟು ಅಗಲದ ಘನವನ್ನು, ಭಾಗಗಳ ಸಂಖ್ಯೆಯ ವರ್ಗದ ಹನ್ನೆರಡರಷ್ಟರಿಂದ ಭಾಗಿಸಿ, ಬಂದುದನ್ನು ರೇಖೆಯ ಅತ್ಯಧಿಕವಾದ ಬಾಗಿನಿಂದ ಗುಣಿಸಬೇಕು. ಸಮಲಂಬ ಕ್ರಮದ ದೋಷವು ಈ ಮೊತ್ತವನ್ನು ಎಂದಿಗೂ ಮೀರದು. ‘ಬಾಗು’ ಎಂದರೆ ರೇಖೆಯ ಇಳಿಜಾರು ಮೀಟರಿಗೆ ಎಷ್ಟರಂತೆ ಬದಲಾಗುತ್ತದೆಂಬ ಅಳತೆ. ಸರಳರೇಖೆಯಲ್ಲಿ ಇಳಿಜಾರು ಬದಲಾಗುವುದೇ ಇಲ್ಲ. ಅಲ್ಲಿ ದೋಷವೂ ಇಲ್ಲ. ನಮ್ಮ ಕಲ್ಪಿತ ನದಿಯಲ್ಲಿ ಇಳಿಜಾರು ಒಂದು ದಡದಲ್ಲಿ ಇಳಿಮುಖವಾಗಿ 0.2, ಇನ್ನೊಂದು ದಡದಲ್ಲಿ ಏರುಮುಖವಾಗಿ 0.2, 120 ಮೀಟರುಗಳಲ್ಲಿ ಒಟ್ಟು ಬದಲಾವಣೆ 0.4 ಆದುದರಿಂದ ಬಾಗು ಮೀಟರಿಗೆ 1/300. ನಾಲ್ಕು ಭಾಗಗಳಿಗೆ ನಿಯಮವನ್ನು ಅನ್ವಯಿಸಿದರೆ ಸೀಮೆಯು ಸರಿಯಾಗಿ 30 ಎಂದು ಬರುತ್ತದೆ. ಬಾಗು ಎಲ್ಲೆಡೆಯೂ ಒಂದೇ ಆಗಿರುವುದರಿಂದ ಇಲ್ಲಿ ದೋಷವು ತನ್ನ ಸೀಮೆಯನ್ನೇ ಮುಟ್ಟಿದೆ. ಬಾಗು ಸ್ಥಳದಿಂದ ಸ್ಥಳಕ್ಕೆ ಬೇರೆಯಾದಾಗ ದೋಷವು ಸೀಮೆಯ ಒಳಗೇ ಇರುತ್ತದೆ.

ಈ ನಿಯಮಕ್ಕೆ ಒಂದು ಷರತ್ತುಂಟು. ಅತ್ಯಧಿಕವಾದ ಬಾಗು ಎಷ್ಟೆಂಬುದು ನಮಗೆ ತಿಳಿದಿರಬೇಕು. ಬೆಳ್ತಂಗಡಿಯ ಕಡೆ ಘಟ್ಟದಿಂದ ಇಳಿದುಬರುವ ಹಳ್ಳದಲ್ಲಿ, ಅಳೆದ ಎರಡು ಆಳಗಳ ನಡುವೆ ಬಂಡೆಯೊಂದು ಎದ್ದಿದ್ದರೆ ಅಥವಾ ಗುಂಡಿಯೊಂದು ಅಡಗಿದ್ದರೆ, ಅಳತೆಯ ಸಂಖ್ಯೆಗಳು ಅದನ್ನು ತಾವಾಗಿ ಹೇಳುವುದಿಲ್ಲ. ದಡವು ಗೋಡೆಯಂತೆ ನೆಟ್ಟಗಿದ್ದರೆ ಬಾಗಿಗೆ ಮಿತಿಯೇ ಇಲ್ಲದೆ ನಿಯಮವು ಮೂಕವಾಗುತ್ತದೆ. ಬಾಗು ಒಂಬತ್ತು ಪಟ್ಟು ಹೆಚ್ಚಾದ ಕಡೆ ಅದೇ ಭರವಸೆಯನ್ನು ಪಡೆಯಲು ಮೂರು ಪಟ್ಟು ಭಾಗಗಳನ್ನು ಮಾಡಬೇಕಾಗುತ್ತದೆ. ಹೀಗೆ ದೋಷಸೀಮೆಯು ಆದ ದೋಷವನ್ನು ತೂಗುವುದಲ್ಲದೆ, ಎಷ್ಟು ಶ್ರಮಪಟ್ಟರೆ ಸಾಕೆಂಬುದನ್ನೂ ಮೊದಲೇ ತಿಳಿಸುತ್ತದೆ.

ವೀರಸೇನನ ಶೇಷವಿಚಾರ

ಮೇಲಿನ ಲೆಕ್ಕದಲ್ಲಿ 360ಕ್ಕೆ 90 ಸೇರಿ 450 ಆಯಿತು, ಅದಕ್ಕೆ 22.5 ಸೇರಿ 472.5 ಆಯಿತು. ಪ್ರತಿಯೊಂದು ಸೇರ್ಪಡೆಯೂ ಹಿಂದಿನದರ ಕಾಲುಭಾಗ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ಪರವಲಯದ ಕ್ಷೇತ್ರಫಲವನ್ನು ಸಾಧಿಸಿದುದು ಈ ಶ್ರೇಢಿಯಿಂದಲೇ. ಮೂಡಬಿದಿರೆಯ ಓಲೆಗಳಲ್ಲಿ ಇದೇ ಶ್ರೇಢಿಯು ಬೇರೊಂದು ಪ್ರಸಂಗದಲ್ಲಿ ಕಾಣಿಸಿಕೊಳ್ಳುತ್ತದೆ.

ಲೋಕದ ಪರಿಮಾಣವು 7 ರಜ್ಜುಗಳ ಘನವಾದ 343 ಘನರಜ್ಜುಗಳೆಂಬುದು ಆಗಮಸಿದ್ಧವಾದ ಸಂಖ್ಯೆ. ಲೋಕವು ಮೃದಂಗದಂತೆ ದುಂಡಾಗಿದೆಯೆಂಬ ಪಕ್ಷವೊಂದಿತ್ತು. ಆ ಪಕ್ಷದಲ್ಲಿ ಲೋಕದ ಎತ್ತರವು 14 ರಜ್ಜು. ವ್ಯಾಸವು ಬುಡದಲ್ಲಿ 7, ನಡುವಿನಲ್ಲಿ 1, ಮೇಲಣ ಭಾಗದ ಮಧ್ಯದಲ್ಲಿ 5, ತುದಿಯಲ್ಲಿ ಮತ್ತೆ 1. ಇಂತಹ ಆಕೃತಿಯು 343ನ್ನು ತುಂಬಬಲ್ಲುದೆ ಎಂಬುದು ವೀರಸೇನನ ಪ್ರಶ್ನೆ. ಇದಕ್ಕಾಗಿ ಅವನು ಮೊಟಕಾದ ಶಂಕುವಿನ ಘನಫಲವನ್ನು ಸಾಧಿಸುತ್ತಾನೆ. ಮೊದಲು ನಡುವಿನ ಕಂಬವನ್ನು ತೆಗೆದು, ಸುತ್ತಲಿನ ಭಾಗವನ್ನು ಸೀಳಿ ಚಾಚುತ್ತಾನೆ. ಅದರ ನಡುತುಂಡು ಸುಲಭವಾಗಿ ಲೆಕ್ಕಕ್ಕೆ ದೊರೆಯುತ್ತದೆ, ಎರಡು ಕಡೆಗಳಲ್ಲಿ ಮೊನೆಯಾದ ತುಂಡುಗಳು ಉಳಿಯುತ್ತವೆ. ಅಂತಹ ಒಂದು ತುಂಡನ್ನು ಅರ್ಧ ಎತ್ತರದಲ್ಲಿ ಛೇದಿಸಿ ನಡುವಿನ ಭಾಗವನ್ನು ತೆಗೆದರೆ, ಅದರಂತೆಯೇ ಆಕಾರವುಳ್ಳ ಎರಡು ಸಣ್ಣ ತುಂಡುಗಳು ಉಳಿಯುತ್ತವೆ. ಇವುಗಳ ಎಲ್ಲ ಅಳತೆಗಳೂ ಅರ್ಧವಾದುದರಿಂದ ಒಂದೊಂದರ ಘನಫಲವು ಎಂಟನೆಯ ಒಂದು ಪಾಲು, ಎರಡೂ ಕೂಡಿ ಕಾಲುಪಾಲು. ಈ ಕ್ರಮವನ್ನು ಮತ್ತೆ ಮತ್ತೆ ನಡೆಸಿದರೆ ಕಾಲುಕಾಲಾಗಿ ಇಳಿಯುವ ಅನಂತ ಶ್ರೇಢಿಯು ದೊರೆತು, ಅದರ ಒಟ್ಟು ಮೊತ್ತವು ಮೊದಲನೆಯ ಪದದ ಮೂರನೆಯ ನಾಲ್ಕು ಪಾಲಾಗುತ್ತದೆ.

ಇದರಲ್ಲಿ ನಮಗೆ ಮುಖ್ಯವಾದ ಅಂಶವೇನೆಂದರೆ, ಯಾವ ಹೆಜ್ಜೆಯಲ್ಲಿ ನಿಂತರೂ ಉಳಿದಿರುವ ಶೇಷವು ಕೊನೆಗೆ ಸೇರಿಸಿದ ಪದದ ಮೂರನೆಯ ಒಂದು ಪಾಲು ಮಾತ್ರ. ನದಿಯ ಲೆಕ್ಕದಲ್ಲಿಯೂ ಕೊನೆಯ ಸೇರ್ಪಡೆಯಾದ 22.5ರ ಮೂರನೆಯ ಒಂದು ಪಾಲು 7.5, ಉಳಿದ ದೋಷವೂ 7.5. ವೀರಸೇನನಿಗೆ ಸಮಲಂಬ ನಿಯಮವು ತಿಳಿದಿತ್ತೆಂದು ನಾವು ಹೇಳುತ್ತಿಲ್ಲ. ಶೇಷದ ಪ್ರಮಾಣವನ್ನು ತಿಳಿದುಕೊಂಡೇ ಅನಂತಕ್ಕೆ ಹೆಜ್ಜೆಯಿಡುವ ಮಾರ್ಗವು ಈ ಓಲೆಗಳಲ್ಲಿದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಸೂಕ್ಷ್ಮಕ್ಕಿಂತ ಸೂಕ್ಷ್ಮ

ಈ ಲೆಕ್ಕದಲ್ಲಿ ಪರಿಧಿಗಾಗಿ ವೀರಸೇನನು ಒಂದು ಪದ್ಯವನ್ನು ಆಧಾರವಾಗಿಟ್ಟುಕೊಂಡಿದ್ದಾನೆ. ವ್ಯಾಸವನ್ನು 16ರಿಂದ ಗುಣಿಸಿ, 16ನ್ನು ಕೂಡಿಸಿ, 113ರಿಂದ ಭಾಗಿಸಿ, ಬಂದುದಕ್ಕೆ ವ್ಯಾಸದ ಮೂರರಷ್ಟನ್ನು ಸೇರಿಸತಕ್ಕದ್ದೆಂದು ಅದರ ವಿಧಿ. ಈ ಫಲವು ಸೂಕ್ಷ್ಮಕ್ಕಿಂತಲೂ ಸೂಕ್ಷ್ಮವೆಂದು ಅದರ ಹೇಳಿಕೆ. ಕೂಡಿಸತಕ್ಕ 16ನ್ನು ಬಿಟ್ಟರೆ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವು 355/113, ಎಂದರೆ 3.1415929, ನಿಜವಾದುದು 3.1415927. ಇದಕ್ಕಿಂತ ಸೊಗಸಾದ ಭಿನ್ನರಾಶಿಯನ್ನು ಅಪೇಕ್ಷಿಸಲಾಗದು. ಆದರೆ ಪದ್ಯದಲ್ಲಿ ಇದ್ದಂತೆ 16ನ್ನು ಕೂಡಿಸಿದರೆ, ವ್ಯಾಸವು ಎಷ್ಟೇ ಇರಲಿ, ಪರಿಧಿಯು 16/113ರಷ್ಟು, ಎಂದರೆ ಸುಮಾರು 0.14ರಷ್ಟು, ಹೆಚ್ಚಾಗುತ್ತದೆ. ಮಹಾವೀರನ ಸೂಕ್ಷ್ಮವಿಧಿಯಾದ 10ರ ವರ್ಗಮೂಲವು (3.1623) ವ್ಯಾಸದ ಒಂದೊಂದು ಮಾನಕ್ಕೆ 0.0207ರಷ್ಟು ತಪ್ಪುತ್ತದೆ. ಆದುದರಿಂದ ವ್ಯಾಸವು ಸುಮಾರು 7ಕ್ಕಿಂತ ಕಡಿಮೆಯಾದಾಗ ‘ಸೂಕ್ಷ್ಮ’ವೇ ಲೇಸು, ಅದಕ್ಕಿಂತ ಹೆಚ್ಚಾದಾಗ ಮಾತ್ರ ‘ಸೂಕ್ಷ್ಮಕ್ಕಿಂತ ಸೂಕ್ಷ್ಮ’ವು ಗೆಲ್ಲುತ್ತದೆ.

ವೀರಸೇನನ ಲೋಕದಲ್ಲಿ 7ಕ್ಕಿಂತ ಹೆಚ್ಚಿನ ವ್ಯಾಸವೇ ಇಲ್ಲ. ಅವನಿಗೆ ಬಂದ ಘನಫಲವು 164 ಮತ್ತು 328/1356, ಎಂದರೆ 164.24 ಘನರಜ್ಜು. ಅದೇ ಆಕೃತಿಗೆ 10ರ ವರ್ಗಮೂಲದಿಂದ 162.33, ವ್ಯಾವಹಾರಿಕವಾದ 3ರಿಂದ 154, ನಿಜವಾದ ಪ್ರಮಾಣದಿಂದ 161.27 ಬರುತ್ತದೆ. ಹಾಗಾದರೆ ವೀರಸೇನನ ವಾದವು ಬಿದ್ದುಹೋಯಿತೆ? ಎಂದಿಗೂ ಇಲ್ಲ. ಅವನು ನಿರ್ಣಯಿಸಬೇಕಾಗಿದ್ದುದು ದುಂಡಾದ ಲೋಕವು 343ನ್ನು ತುಂಬುತ್ತದೆಯೆ ಇಲ್ಲವೆ ಎಂಬುದನ್ನು. ಅವನ ದೋಷವು 3 ಘನರಜ್ಜುಗಳಷ್ಟು. ಅವನ ಫಲಕ್ಕೂ 343ಕ್ಕೂ ಇರುವ ಅಂತರವೋ 178ಕ್ಕೂ ಮಿಗಿಲು. ಒರಟಾದ 3ನ್ನೇ ಹಿಡಿದಿದ್ದರೂ ಇದೇ ನಿರ್ಣಯವು ಬರುತ್ತಿತ್ತು. ದೋಷವಿದ್ದ ಮಾತ್ರಕ್ಕೆ ಲೆಕ್ಕವು ವ್ಯರ್ಥವಲ್ಲ. ನಿರ್ಣಯಕ್ಕೆ ಬೇಕಾದ ಅಂತರವನ್ನು ದೋಷವು ಮುಟ್ಟಿದಾಗ ಮಾತ್ರ ವ್ಯರ್ಥ.

ಸೀಮೆಯಿಂದ ದೊರೆಯುವ ಪ್ರಮಾಣ

ಮೇಲೆ ಹೋಲಿಸುವಾಗ ನಾವು ನಿಜವಾದ ಪ್ರಮಾಣವನ್ನು ಬೇರೆ ಕಡೆಯಿಂದ ಎರವಲು ತಂದೆವು. ಸೀಮೆಯ ಬಲದಿಂದಲೇ 10ರ ವರ್ಗಮೂಲವನ್ನು ಪರೀಕ್ಷಿಸಬಹುದೆ? ಪರೀಕ್ಷಿಸಬಹುದು. 1ಕ್ಕೆ ‘ಯಾ’ ಎಂಬ ಅವ್ಯಕ್ತದ ವರ್ಗವನ್ನು ಕೂಡಿಸಿ, ಆ ಮೊತ್ತದಿಂದ 4ನ್ನು ಭಾಗಿಸಿದಾಗ ಬರುವ ರೇಖೆಯನ್ನು ಎಳೆದರೆ, ಯಾ 0ಯಿಂದ 1ರ ವರೆಗೆ ಅದರ ಕೆಳಗಿನ ಕ್ಷೇತ್ರಫಲವು ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣಕ್ಕೆ ಸಮವೆಂದು ಕಲನಶಾಸ್ತ್ರವು ಸಾಧಿಸಿದೆ. ಈ ರೇಖೆಯ ಅತ್ಯಧಿಕವಾದ ಬಾಗು 8.

ಇಡೀ ಅಗಲವನ್ನು ಒಂದೇ ಭಾಗವೆಂದು ಭಾವಿಸಿದರೆ ಸಮಲಂಬ ಕ್ರಮದಿಂದ ಬರುವ ಫಲವು 3. ನಮ್ಮ ವ್ಯಾವಹಾರಿಕ ಸಂಖ್ಯೆಯೇ ಬಂದಿರುವುದು ಆಕಸ್ಮಿಕವಾದರೂ ವಿನೋದಕರ. ಎರಡು ಭಾಗಗಳಿಗೆ 3.1, ನಾಲ್ಕಕ್ಕೆ 3.13118, ದೋಷಸೀಮೆ 0.0417. ಎಂದರೆ ಸತ್ಯವು 3.0895ಕ್ಕೂ 3.1729ಕ್ಕೂ ನಡುವೆ ಇರಲೇಬೇಕು. ಇಲ್ಲಿಗೆ 3 ಎಂಬುದು ಹೊರಬಿತ್ತು; 10ರ ವರ್ಗಮೂಲವು ಇನ್ನೂ ಒಳಗಿದೆ. ಎಂಟು ಭಾಗಗಳಿಗೆ 3.13899, ಸೀಮೆ 0.0104, ಸತ್ಯವು 3.1285ಕ್ಕೂ 3.1495ಕ್ಕೂ ನಡುವೆ. ಈಗ 10ರ ವರ್ಗಮೂಲವೂ ಹೊರಬಿತ್ತು. ಸತ್ಯವು ಇಂತಹುದೇ ಎಂದು ಗೊತ್ತಾಗುವ ಮೊದಲೇ, ಅದು 10ರ ವರ್ಗಮೂಲವಲ್ಲವೆಂದು ಎಂಟೇ ಭಾಗಗಳಿಂದ ಪ್ರಮಾಣಸಹಿತವಾಗಿ ಹೇಳಬಹುದಾಯಿತು.

ಇನ್ನೊಂದು ಹೆಜ್ಜೆಯುಂಟು. 3.13118ರಿಂದ 3.13899ಕ್ಕೆ ಏರಿದ ಸೇರ್ಪಡೆಯು 0.00781. ಶೇಷವು ಕೊನೆಯ ಪದದ ಮೂರನೆಯ ಒಂದು ಪಾಲೆಂಬ ಮೇಲಿನ ಕ್ರಮದಂತೆ ಇದರ ಮೂರನೆಯ ಒಂದು ಪಾಲನ್ನು ಸೇರಿಸಿದರೆ 3.1415925 ಬರುತ್ತದೆ. ಹದಿನೆಂಟನೆಯ ಶತಮಾನದ ಥಾಮಸ್ ಸಿಂಪ್ಸನ್ನನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮವು ಕೊಡುವ ಫಲವೂ ಇದೇ. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ವೀರಸೇನನ ತುಂಡುಗಳಲ್ಲಿ ಶೇಷವು ಸರಿಯಾಗಿ ಕಾಲುಕಾಲಾಗಿ ಇಳಿಯುತ್ತದೆ. ಈ ರೇಖೆಯಲ್ಲಿ ಸುಮಾರಾಗಿ ಮಾತ್ರ. ಆದುದರಿಂದ ಈ ‘ಮೂರನೆಯ ಒಂದು ಪಾಲು’ ದೋಷದ ಅಂದಾಜೇ ಹೊರತು ಸೀಮೆಯಲ್ಲ. ಸಿಂಪ್ಸನ್ನನ ನಿಯಮಕ್ಕೆ ತನ್ನದೇ ಆದ ಸೀಮೆಯುಂಟು. ಅದು ಇಲ್ಲಿ 0.00013 ಎಂದು ಬರುತ್ತದೆ. ಹೀಗೆ ಸತ್ಯವು 3.14146ಕ್ಕೂ 3.14173ಕ್ಕೂ ನಡುವೆ ಬಂಧಿತವಾಯಿತು. ಶಾಲೆಗಳಲ್ಲಿ ರೂಢವಾಗಿರುವ 22/7 ಕೂಡ (3.14286) ಈ ಬಾಗಿಲಿನಿಂದ ಹೊರಗೆ ಉಳಿಯುತ್ತದೆ, 355/113 ಒಳಗೆ ಸುಖವಾಗಿ ಕುಳಿತಿದೆ.

ಉಪಸಂಹಾರ

ಇಷ್ಟರಿಂದ ‘ಸೂಕ್ಷ್ಮ’ ಶಬ್ದಕ್ಕೆ ‘ನಿಖರ’ವೆಂಬ ಅರ್ಥವು ಒಪ್ಪುವುದಿಲ್ಲವೆಂದು ತಿಳಿಯುತ್ತದೆ. ‘ವ್ಯಾವಹಾರಿಕಕ್ಕಿಂತ ಹೆಚ್ಚು ಎಚ್ಚರದಿಂದ ಸಾಧಿಸಿದುದು’ ಎಂದು ಹೇಳಿದರೆ ಮೂಲಕ್ಕೂ ನ್ಯಾಯ, ಗಣಿತಕ್ಕೂ ನ್ಯಾಯ. ಈ ಭೇದವನ್ನು ಬಿಟ್ಟವರು ಎರಡು ಬಗೆಯ ತಪ್ಪುಗಳಿಗೆ ಒಳಗಾಗುತ್ತಾರೆ. ಕೆಲವರು ಸೂಕ್ಷ್ಮವೆಂಬ ಹೆಸರನ್ನೇ ನಂಬಿ, ಪೂರ್ವಿಕರಿಗೆ ನಿಜವಾದ ಫಲವು ಗೊತ್ತಿತ್ತೆಂದು ಸಾರುತ್ತಾರೆ. ಮತ್ತೆ ಕೆಲವರು ಫಲವು ತಪ್ಪೆಂದು ಕಂಡೊಡನೆ ಗ್ರಂಥವನ್ನೇ ತಳ್ಳಿಹಾಕುತ್ತಾರೆ. ಆಯತವೃತ್ತದ ಸೂಕ್ಷ್ಮಫಲವು ಮೊದಲನೆಯವರಿಗೂ, ವೀರಸೇನನ 164 ಎರಡನೆಯವರಿಗೂ ತಕ್ಕ ಉತ್ತರವನ್ನು ಕೊಡುತ್ತವೆ. ಯಾವ ಫಲವನ್ನು ಕುರಿತಾದರೂ ಕೇಳತಕ್ಕ ಪ್ರಶ್ನೆಗಳು ಮೂರೇ: ಇದು ಹೆಚ್ಚೆಂದರೆ ಎಷ್ಟು ತಪ್ಪಿರಬಹುದು? ಅಷ್ಟು ಮಾತ್ರವೇ ಎಂಬುದಕ್ಕೆ ಆಧಾರವೇನು? ನಿರ್ಣಯಿಸಬೇಕಾದ ವಿಷಯಕ್ಕೆ ಅಷ್ಟು ತಪ್ಪು ಸಹ್ಯವೆ? ಬಂಟವಾಳದಲ್ಲಿ ಹೊಳೆಯನ್ನು ಅಳೆಯುವವರಿಗೂ ಮೂಡಬಿದಿರೆಯ ಓಲೆಗಳನ್ನು ಓದುವವರಿಗೂ ಈ ಪ್ರಶ್ನೆಗಳು ಸಮಾನವಾದುವು.